ಅರ್ಧ ಬಲದ ಅಭ್ಯಾಸ: ಮಾಜಿ ಸೈನಿಕರ ಉಸಿರು, ಮೈ, ನಿದ್ರೆಗೆ

ಫೌಜಿನಿಂದ ಊರಿಗೆ ಮರಳಿದವರು ಯೋಗವನ್ನೋ ಪ್ರಾಣಾಯಾಮವನ್ನೋ ಹುರುಪಿನಿಂದ ಶುರು ಮಾಡಿ ಕೆಲವೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಮನೆಯವರು ಅದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ. ನಿಜವಾದ ಕಾರಣ ಬಹಳ ಸಲ ಅವರು ಅತಿಯಾಗಿ ಮಾಡಿದ್ದೇ ಆಗಿರುತ್ತದೆ. ಪಿಟಿ ಮೈದಾನ ಕಲಿಸಿದ್ದು ಪೂರ್ತಿ ಬಲ ಹಾಕುವುದನ್ನು, ನೋವಿದ್ದರೂ ನಿಲ್ಲಿಸದಿರುವುದನ್ನು, ಉಸ್ತಾದ್ ‘ವಿಶ್ರಾಮ್’ ಅನ್ನುವ ತನಕ ಕದಲದಿರುವುದನ್ನು. ಆ ಕಲಿಕೆಯನ್ನು ಹಾಗೇ ಉಸಿರಾಟಕ್ಕೆ ಹಚ್ಚಿದರೆ ತಲೆ ಸುತ್ತುತ್ತದೆ, ಸೊಂಟ ಹಿಡಿಯುತ್ತದೆ, ಎದೆ ಹೊಡೆದುಕೊಳ್ಳುವುದು ಇನ್ನೂ ಹೆಚ್ಚುತ್ತದೆ. ಆದ್ದರಿಂದ ಇಲ್ಲಿ ಹೇಳುವ ಎಲ್ಲ ಅಭ್ಯಾಸಗಳಿಗೂ ಒಂದೇ ಅಳತೆ: ಅರ್ಧ ಬಲ ಹಾಕಿ, ಸಾಲದು ಅನಿಸುವಷ್ಟು ಹೊತ್ತು ಮಾಡಿ, ಬೇಡ ಅನಿಸಿದ ಕೂಡಲೇ ನಿಲ್ಲಿಸಿ. ನಿಲ್ಲಿಸುವುದೂ ಅಭ್ಯಾಸದ ಒಂದು ಭಾಗವೇ.

ಯಾರಿಗೆ ಇದು? ಬಾಗಿಲು ಬಡಿದ ಸದ್ದಿಗೂ ಬೆಚ್ಚುವವರಿಗೆ, ಹೋಟೆಲಿಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟೇ ಕೂರುವವರಿಗೆ, ರಾತ್ರಿ ಎರಡಕ್ಕೆ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚದವರಿಗೆ, ಸಣ್ಣ ಮಾತಿಗೆ ಮನೆಯಲ್ಲಿ ಸಿಡುಕಿ ಆಮೇಲೆ ನೊಂದುಕೊಳ್ಳುವವರಿಗೆ, ಹಳೆಯ ಮೊಣಕಾಲು–ಸೊಂಟದ ನೋವು ಇರುವವರಿಗೆ. ಕಾರ್ಗಿಲ್‌ನಲ್ಲಿದ್ದವರಿರಲಿ, ಗಡಿಯಲ್ಲಿ ಗುಂಡು ಹಾರಿಸದೆ ಹದಿನೇಳು ವರ್ಷ ಕಾವಲು ಕಾದವರಿರಲಿ, ಮೈ ಕಲಿತ ಎಚ್ಚರ ಒಂದೇ. ಇದು ಚಿಕಿತ್ಸೆಗೆ ಬದಲಿ ಅಲ್ಲ. ನಡೆಯುತ್ತಿರುವ ಮಾತ್ರೆ ಇದ್ದರೆ ಅದರ ಜೊತೆಗೆ ಮಾಡಿ, ನಿಮ್ಮಷ್ಟಕ್ಕೆ ನೀವೇ ಮಾತ್ರೆ ಬಿಡಬೇಡಿ.

ಜಾಗ, ಹೊತ್ತು

ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವಂತೆ ಕೂರಿ. ಇದನ್ನು ದೌರ್ಬಲ್ಯ ಎಂದುಕೊಳ್ಳಬೇಡಿ. ಬೆನ್ನ ಹಿಂದೆ ಏನಿದೆಯೋ ಎಂದು ಮನಸ್ಸು ಕಾವಲು ಕಾಯುತ್ತಿರುವಷ್ಟು ಹೊತ್ತು ಮೈ ಸಡಿಲವಾಗುವುದಿಲ್ಲ, ಹಾಗಾಗಿ ಆ ಕೆಲಸವನ್ನು ಗೋಡೆಗೆ ಒಪ್ಪಿಸಿಬಿಡಿ. ಕಣ್ಣು ಮುಚ್ಚಲೇಬೇಕು ಎಂಬ ನಿಯಮವೂ ಇಲ್ಲ. ನಾಲ್ಕು ಅಡಿ ಮುಂದೆ ನೆಲದ ಮೇಲೆ ಒಂದು ಗುರುತು ನೋಡಿಕೊಂಡು, ರೆಪ್ಪೆ ಸ್ವಲ್ಪ ಇಳಿಸಿದರೆ ಸಾಕು.

ತೋಪಖಾನೆಯಲ್ಲಿ, ಟ್ಯಾಂಕ್ ರೆಜಿಮೆಂಟಿನಲ್ಲಿ ಇದ್ದವರಿಗೆ ಕಿವಿಯಲ್ಲಿ ಗುಯ್ಯೆನ್ನುವ ಸದ್ದು ಇರುವುದು ಸಾಮಾನ್ಯ. ಪೂರ್ತಿ ನಿಶ್ಶಬ್ದ ಕೋಣೆಯಲ್ಲಿ ಅದೇ ಸದ್ದು ದೊಡ್ಡದಾಗಿ ಕೇಳಿ ಕಿರಿಕಿರಿ ಹೆಚ್ಚುತ್ತದೆ. ಅಂಥವರು ಫ್ಯಾನ್ ಹಾಕಿಕೊಂಡು ಅಥವಾ ರೇಡಿಯೋ ಸಣ್ಣಗೆ ಇಟ್ಟುಕೊಂಡು ಕೂರಬೇಕು.

ನಮ್ಮ ಕಡೆ ಬಿಸಿಲನ್ನು ಲೆಕ್ಕಕ್ಕೆ ಹಿಡಿಯದೆ ಯಾವ ಅಭ್ಯಾಸವೂ ನಡೆಯುವುದಿಲ್ಲ. ಏಪ್ರಿಲ್–ಮೇನಲ್ಲಿ ಕಲಬುರಗಿ, ಯಾದಗಿರಿಯ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಬೆಳಗ್ಗೆ ಐದೂವರೆಯಿಂದ ಆರೂವರೆಯೊಳಗೆ ಮುಗಿಸಿಬಿಡಿ. ಸೆಕೆಯಿಂದಲೇ ಎದೆಬಡಿತ ಏರಿರುವಾಗ ಉಸಿರು ಎಣಿಸಹೋದರೆ ಅದನ್ನು ಗಾಬರಿ ಎಂದು ಮನಸ್ಸು ತಪ್ಪು ತಿಳಿಯುತ್ತದೆ. ಮೊದಲು ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ಕೂತು ಆಮೇಲೆ ಶುರು ಮಾಡಿ. ಮಧ್ಯಾಹ್ನ ಮಾಡುವುದಿದ್ದರೆ ಶಹಾಬಾದ್ ಪರ್ಸಿಯ ನೆಲ ತಂಪಾಗಿರುತ್ತದೆ, ಆದರೆ ಸೊಂಟನೋವಿನವರು ಬರಿ ಕಲ್ಲಿನ ಮೇಲೆ ಮಲಗಬೇಡಿ, ಕೌದಿಯನ್ನು ಎರಡು ಮಡಿಕೆ ಹಾಸಿ. ರೊಟ್ಟಿ ಊಟವಾಗಿ ಎರಡು ಗಂಟೆ ಕಳೆದಿರಲಿ.

ಉಸಿರು

ಕುರ್ಚಿಯೇ ಒಳ್ಳೆಯದು. ಪದ್ಮಾಸನದ ಹಟ ಬೇಡ. ಬೆನ್ನು ಕುರ್ಚಿಗೆ ಆನಿಸಿ, ಎರಡೂ ಅಂಗಾಲು ನೆಲಕ್ಕೆ ಪೂರ್ತಿ ತಾಗಲಿ, ಬಲಗೈ ಹೊಕ್ಕುಳ ಮೇಲೆ ಇರಲಿ. ಮೊದಲ ಏಳೆಂಟು ಉಸಿರು ಏನನ್ನೂ ಬದಲಿಸದೆ ಸುಮ್ಮನೆ ಗಮನಿಸಿ. ಕೈ ಮೇಲೇಳುತ್ತಿದೆಯೋ, ಹೆಗಲು ಮೇಲೇಳುತ್ತಿದೆಯೋ ನೋಡಿ. ಹೆಗಲು ಏಳುತ್ತಿದ್ದರೆ ಉಸಿರು ಎದೆಯ ಮೇಲ್ಭಾಗದಲ್ಲೇ ಓಡಾಡುತ್ತಿದೆ ಎಂದರ್ಥ.

ಈಗ ಮೂಗಿನಿಂದ ಮೂರು ಎಣಿಸುವಷ್ಟು ಒಳಗೆ, ಐದು ಎಣಿಸುವಷ್ಟು ಹೊರಗೆ. ನಡುವೆ ಹಿಡಿದಿಡಬೇಡಿ. ಬಸಿಯಲ್ಲಿ ಹಾಕಿದ ಬಿಸಿ ಚಹಾವನ್ನು ತುಳುಕದಂತೆ ಊದುತ್ತೀರಲ್ಲ, ಹೊರ ಬಿಡುವ ಉಸಿರಿನ ಜೋರು ಅಷ್ಟೇ ಇರಲಿ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡಿ ಎಣಿಸಿದರೆ ಲೆಕ್ಕ ತಪ್ಪುವುದಿಲ್ಲ. ದಿನಕ್ಕೆ ಎರಡು ಸಲ, ಮೂರು ಮೂರು ನಿಮಿಷ. ಒಂದು ವಾರ ಇದು ಹಿತವಾಗಿ ಸಾಗಿದರೆ ನಾಲ್ಕು–ಆರಕ್ಕೆ ಬನ್ನಿ. ಆಗ ಒಂದು ಉಸಿರಿಗೆ ಹತ್ತು ಸೆಕೆಂಡ್, ನಿಮಿಷಕ್ಕೆ ಆರು ಉಸಿರು. ಅದಕ್ಕಿಂತ ನಿಧಾನ ಬೇಕಿಲ್ಲ.

ಹೊರಬಿಡುವುದು ಉದ್ದವಾಗಬೇಕು ಎನ್ನಲು ಕಾರಣವಿದೆ. ಉಸಿರು ಎಳೆಯುವಾಗ ಎದೆಬಡಿತ ಕೊಂಚ ಏರುತ್ತದೆ, ಬಿಡುವಾಗ ಇಳಿಯುತ್ತದೆ. ಮಿದುಳಿನಿಂದ ಹೃದಯಕ್ಕೆ, ಹೊಟ್ಟೆಗೆ ಇಳಿಯುವ ವೇಗಸ್ ನರ ಬಿಡುವ ಹೊತ್ತಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಬಿಡುವ ಹೊತ್ತನ್ನು ಹಿಗ್ಗಿಸಿದರೆ ಅದಕ್ಕೆ ಅವಕಾಶ ಹೆಚ್ಚು ಸಿಗುತ್ತದೆ.

ಕೆಡುವುದು ಎಲ್ಲಿ? ಬೆರಳ ತುದಿ ಜುಮ್ಮೆಂದರೆ, ತುಟಿ ಮರಗಟ್ಟಿದಂತಾದರೆ, ತಲೆ ಹಗುರಾದರೆ ನೀವು ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಎಳೆಯುತ್ತಿದ್ದೀರಿ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದಾಗ ಹೀಗಾಗುತ್ತದೆ. ಎಣಿಕೆ ಬಿಟ್ಟು ಸಹಜವಾಗಿ ಉಸಿರಾಡಿ, ಎದ್ದು ಹತ್ತು ಹೆಜ್ಜೆ ನಡೆಯಿರಿ. ಮರುದಿನ ಅರ್ಧದಷ್ಟೇ ಗಾಳಿ ಎಳೆದು ನೋಡಿ. ಹೊಗೆಯಲ್ಲಿ ಸಿಕ್ಕವರಿಗೆ, ಎದೆಗೆ ಪೆಟ್ಟು ಬಿದ್ದವರಿಗೆ, ಎತ್ತರದ ಪ್ರದೇಶದಲ್ಲಿ ಉಸಿರು ಕಟ್ಟಿದ ಅನುಭವ ಇರುವವರಿಗೆ ಉಸಿರಿನ ಮೇಲೆ ಗಮನ ಇಡುವುದೇ ಭಯ ತರಬಹುದು. ಅವರು ಉಸಿರಿನ ಪಾಠವನ್ನೇ ಬಿಟ್ಟು, ಮುಂದೆ ಹೇಳುವ ಕೈಕಾಲಿನ ಅಭ್ಯಾಸದಿಂದ ಶುರು ಮಾಡಲಿ. ಅದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಟಿವಿಯಲ್ಲಿ ನೋಡಿ ಕಪಾಲಭಾತಿ, ಭಸ್ತ್ರಿಕಾದಂಥ ಜೋರು ಉಸಿರಿಗೆ, ಉಸಿರು ಕಟ್ಟಿ ಹಿಡಿಯುವ ಕುಂಭಕಕ್ಕೆ ಕೈ ಹಾಕಬೇಡಿ. ಜೋರಾದ ಉಸಿರು ಮೈಯನ್ನು ಎಚ್ಚರಿಸುತ್ತದೆ, ಮೊದಲೇ ಎಚ್ಚರ ಹೆಚ್ಚಾದವರಿಗೆ ಅದು ಬೇಡ. ಬಿಪಿ, ಹೃದಯದ ತೊಂದರೆ, ಹರ್ನಿಯಾ, ಗ್ಲಾಕೋಮಾ, ಮೂರ್ಛೆರೋಗ ಇರುವವರಿಗಂತೂ ಅಪಾಯ. ಭ್ರಾಮರಿ ಮಾತ್ರ ಹಲವರಿಗೆ ಹೊಂದುತ್ತದೆ, ಏಕೆಂದರೆ ‘ಮ್’ ಎಂದು ಗುನುಗುವಾಗ ಹೊರ ಉಸಿರು ತಾನಾಗಿಯೇ ಉದ್ದವಾಗುತ್ತದೆ. ಐದು ಸಲ ಸಾಕು. ಕಿವಿಗೆ ಬೆರಳು ಇಡಬೇಡಿ: ಕಿವಿಯ ಗುಯ್ ಸದ್ದು ಏರುತ್ತದೆ, ಸುತ್ತಲಿನ ಸದ್ದು ಕೇಳದೆ ಗಾಬರಿಯೂ ಆಗುತ್ತದೆ.

ಬಿಗಿ ಹಿಡಿದು ಬಿಡುವುದು

ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1920ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಒಂದೊಂದೇ ಸ್ನಾಯುವನ್ನು ಬೇಕೆಂದೇ ಬಿಗಿ ಮಾಡಿ, ಆಮೇಲೆ ಬಿಡುವುದು. ಸುಮ್ಮನೆ ಕೂತು ‘ಸಡಿಲಾಗು’ ಎಂದರೆ ಸಡಿಲಾಗದ ಮೈಗೆ ಇದು ಹೇಳಿಮಾಡಿಸಿದ್ದು, ಏಕೆಂದರೆ ಮಾಡಲಿಕ್ಕೆ ಒಂದು ಕೆಲಸ ಇರುತ್ತದೆ.

ಹೊರಸಿನ ಮೇಲೆ ಮಲಗಿ ಅಥವಾ ಕುರ್ಚಿಯಲ್ಲಿ ಕೂರಿ. ಮಲಗಿದರೆ ಒಂದು ಕೌದಿ ಸುತ್ತಿ ಮೊಣಕಾಲ ಕೆಳಗೆ ಇಡಿ, ಸೊಂಟದ ಎಳೆತ ತಗ್ಗುತ್ತದೆ. ಬಲ ಮುಷ್ಟಿ, ಎಡ ಮುಷ್ಟಿ, ತೋಳು, ಹಣೆ, ದವಡೆ, ಹೆಗಲು, ಹೊಟ್ಟೆ, ತೊಡೆ, ಮೀನಖಂಡ, ಈ ಕ್ರಮದಲ್ಲಿ ಹೋಗಿ. ಪ್ರತಿಯೊಂದನ್ನೂ ಐದು ಸೆಕೆಂಡ್ ಬಿಗಿ ಹಿಡಿದು ಹದಿನೈದು ಸೆಕೆಂಡ್ ಬಿಡಿ. ಎರಡೆರಡು ಸಲ ಮಾಡಿದರೆ ಒಟ್ಟು ಆರು ನಿಮಿಷ. ಬಿಗಿಗಿಂತ ಬಿಟ್ಟ ಹೊತ್ತು ಮೂರು ಪಟ್ಟು ಇದೆ ಎಂಬುದನ್ನು ಗಮನಿಸಿ. ಬೆರಳು ತೆರೆದಾಗ ಅಂಗೈಗೆ ಬರುವ ಬಿಸುಪು, ಭಾರ, ಅದನ್ನು ಗುರುತಿಸುವುದೇ ಇಲ್ಲಿನ ಪಾಠ.

ಸೈನಿಕರು ಇಲ್ಲಿ ತಪ್ಪುವುದು ಎರಡು ಕಡೆ. ಮೊದಲನೆಯದು, ಮುಷ್ಟಿಯನ್ನು ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯುವುದು. ಒಂದು ಮೊಟ್ಟೆಯನ್ನು ಜಾರದಂತೆ, ಒಡೆಯದಂತೆ ಹಿಡಿಯುವಷ್ಟೇ ಬಲ ಹಾಕಿ. ಎರಡನೆಯದು, ಬಿಗಿ ಹಿಡಿಯುವಾಗ ಉಸಿರನ್ನೂ ಹಿಡಿಯುವುದು. ಇದರಿಂದ ಬಿಪಿ ಸರ್ರನೆ ಏರುತ್ತದೆ. ಇದಕ್ಕೆ ಸುಲಭ ಉಪಾಯವಿದೆ: ಬಾಯಿಬಿಟ್ಟು ‘ಒಂದು, ಎರಡು, ಮೂರು’ ಎಂದು ಎಣಿಸಿ. ಮಾತಾಡುತ್ತಿರುವವರು ಉಸಿರು ಹಿಡಿಯಲಾರರು.

ಮೀನಖಂಡ ಬಿಗಿಯುವಾಗ ಪಾದದ ತುದಿಯನ್ನು ಮುಂದಕ್ಕೆ ಚಾಚಿದರೆ ಸ್ನಾಯು ಹಿಡಿದುಕೊಳ್ಳುತ್ತದೆ, ಆದ್ದರಿಂದ ಬೆರಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಕುತ್ತಿಗೆಯ ಸವೆತ ಇರುವವರು ಕುತ್ತಿಗೆಯನ್ನು ಮುಟ್ಟದೆ, ಹೆಗಲನ್ನು ಕಿವಿಯತ್ತ ಎತ್ತಿ ಇಳಿಸಿದರೆ ಆಯಿತು. ರಾಡು, ಪ್ಲೇಟು ಕೂರಿಸಿದ ಜಾಗ, ಚೂರು ಹೊಕ್ಕು ಉಳಿದ ಜಾಗ ಬಿಟ್ಟುಬಿಡಿ. ಕೃತಕ ಕಾಲು ಹಾಕುವವರು ಅದನ್ನು ಬಿಚ್ಚಿ, ಮೊಂಡು ಭಾಗದ ಬೆವರು ಒರೆಸಿ, ಚರ್ಮ ಕೆಂಪಾಗಿದೆಯೇ ನೋಡಿಯೇ ಮಲಗಲಿ. ಇಲ್ಲದ ಪಾದವನ್ನು ಮನಸ್ಸಿನಲ್ಲೇ ಬಿಗಿಯಲು ಹೋದರೆ ಕೆಲವರಿಗೆ ಆ ಜಾಗದಲ್ಲಿ ನೋವು ಕೆರಳುತ್ತದೆ. ಮೊದಮೊದಲು ಆ ಭಾಗ ದಾಟಿ ಮುಂದೆ ಹೋಗಿ.

ಏಳುವಾಗ ಆತುರ ಬೇಡ. ಬಲಕ್ಕೆ ಹೊರಳಿ ಅರ್ಧ ನಿಮಿಷ, ಕೂತು ಒಂದು ನಿಮಿಷ, ಆಮೇಲೆ ನಿಲ್ಲಿ. ಬಿಪಿ ಮಾತ್ರೆ, ದುಃಸ್ವಪ್ನಕ್ಕೆ ಕೊಡುವ ಪ್ರಾಜೋಸಿನ್, ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್ ಇವೆಲ್ಲ ಎದ್ದು ನಿಂತಾಗ ರಕ್ತದೊತ್ತಡ ಇಳಿಸಬಲ್ಲವು. ಪರ್ಸಿ ನೆಲದ ಮೇಲೆ ಬಿದ್ದರೆ ಸೊಂಟದ ಮೂಳೆಗೇ ಪೆಟ್ಟು.

ಮಲಗಿಕೊಂಡು, ಹೇಳಿಕೊಡುವ ಧ್ವನಿಯಂತೆ ಮೈಯ ಒಂದೊಂದೇ ಭಾಗಕ್ಕೆ ಗಮನ ಒಯ್ಯುವ ಯೋಗನಿದ್ರೆ ಇದರ ಮುಂದಿನ ಹಂತ. ಅಮೆರಿಕದ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯಲ್ಲಿ ಯುದ್ಧದಿಂದ ಮರಳಿದವರಿಗೆ ರಿಚರ್ಡ್ ಮಿಲ್ಲರ್ ರೂಪಿಸಿದ ‘ಐರೆಸ್ಟ್’ ಎಂಬ ಯೋಗನಿದ್ರೆಯನ್ನು ಹೇಳಿಕೊಟ್ಟಿದ್ದರು. ಮೊಬೈಲಿನಲ್ಲಿ ಸಿಗುವ ಧ್ವನಿಮುದ್ರಣಗಳು ಬಹುಪಾಲು ಮೂವತ್ತು ನಿಮಿಷದವು. ನೀವು ಹತ್ತು ನಿಮಿಷಕ್ಕೆ ನಿಲ್ಲಿಸಿ. ಧ್ವನಿ ಹಿಡಿಸದಿದ್ದರೆ ಬೇರೆಯದು ಹುಡುಕಿ. ಹೇಳಿದ್ದನ್ನೆಲ್ಲ ಹುಕುಂ ಎಂದು ಪಾಲಿಸಬೇಕಿಲ್ಲ, ಬೇಡವಾದ ಸಾಲು ಬಿಟ್ಟುಬಿಡಿ.

ವಿಮಾನ, ಪಟಾಕಿ, ಜನಜಂಗುಳಿ

ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ವಿಮಾನ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡದ ನೆಲೆಯೂ ಅದೇ. ಹಾಕ್ ವಿಮಾನ ತಲೆಯ ಮೇಲೆ ಒಮ್ಮೆಲೆ ಗರ್ಜಿಸಿದಾಗ ಮಕ್ಕಳು ಕುಣಿಯುತ್ತಾರೆ, ಕೆಲವು ಮಾಜಿ ಸೈನಿಕರ ಬೆನ್ನು ಬೆವರುತ್ತದೆ. ಇಡೀ ದಿನ ಕಿವಿಗೆ ಹತ್ತಿ ತುರುಕಿಕೊಳ್ಳುವುದು ಪರಿಹಾರ ಅಲ್ಲ. ಸದ್ದು ತಪ್ಪಿಸಿದಷ್ಟೂ ಕಿವಿ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಆದಾಗಲೆಲ್ಲ ಹೊರಗೆ ಬಂದು ವಿಮಾನವನ್ನು ಕಣ್ಣಿನಿಂದ ಹುಡುಕಿ. ‘ತರಬೇತಿ ವಿಮಾನ’ ಎಂದು ಬಾಯಿಬಿಟ್ಟು ಹೇಳಿ. ಅದು ಮರೆಯಾಗುವ ತನಕ ನೋಡಿ ಮೂರು ಉದ್ದ ಉಸಿರು ಬಿಡಿ. ಕಾಣದ ಸದ್ದಿಗಿಂತ ಕಂಡ ಸದ್ದು ಬೇಗ ತಣಿಯುತ್ತದೆ.

ಹಳೆಯದು ಕಣ್ಣೆದುರು ಬಂದು ನಿಂತಾಗ, ಎಲ್ಲಿದ್ದೇನೆ ಎಂಬುದೇ ಕಲಸಿಹೋದಾಗ ಬೇರೆ ಅಭ್ಯಾಸ ಬೇಕು. ಚಪ್ಪಲಿ ಬಿಚ್ಚಿ ಅಂಗಾಲನ್ನು ತಂಪು ನೆಲಕ್ಕೆ ಒತ್ತಿ. ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು, ವಾಸನೆ ಬರುವ ಎರಡು, ಬಾಯಲ್ಲಿನ ರುಚಿ ಒಂದು, ಇವುಗಳ ಹೆಸರನ್ನು ಕೇಳುವಂತೆ ಹೇಳುತ್ತ ಹೋಗಿ: ತಂಬಿಗೆ, ಕಿಟಕಿ ಸರಳು, ರೊಟ್ಟಿ ಬಡಿಯುವ ಸದ್ದು, ಒಲೆಯ ಹೊಗೆ. ಆಮೇಲೆ ಇಂದಿನ ತಾರೀಖು, ಊರು, ‘ಇದು ನನ್ನ ಮನೆ’. ಮಣ್ಣಿನ ಗಡಿಗೆಯ ನೀರನ್ನು ಮುಖಕ್ಕೆ ಎರಚಿಕೊಂಡರೂ ಸಹಾಯವಾಗುತ್ತದೆ. ಇದನ್ನು ಮನಸ್ಸು ಶಾಂತವಾಗಿರುವ ದಿನಗಳಲ್ಲಿ ರೂಢಿ ಮಾಡಿಕೊಂಡಿರಬೇಕು. ಗಾಬರಿಯ ಹೊತ್ತಿನಲ್ಲಿ ಹೊಸದನ್ನು ಕಲಿಯಲಾಗುವುದಿಲ್ಲ.

ದೀಪಾವಳಿಗೆ, ಮದುವೆ ಮೆರವಣಿಗೆಗೆ, ಶರಣಬಸವೇಶ್ವರ ರಥೋತ್ಸವಕ್ಕೆ, ಬಂದೇನವಾಜ್ ಉರುಸಿಗೆ ಮುಂಚೆಯೇ ಯೋಚನೆ ಮಾಡಿಟ್ಟುಕೊಳ್ಳಿ. ಹೋಗಬಾರದೆಂದಲ್ಲ. ಗುಂಪಿನ ಅಂಚಿನಲ್ಲಿ ನಿಲ್ಲಿ, ಹೊರಡುವ ದಾರಿ ನೋಡಿಟ್ಟುಕೊಳ್ಳಿ, ಜೊತೆಯವರಿಗೆ ‘ಅರ್ಧ ತಾಸಿಗೆ ಹೊರಡುವೆ’ ಎಂದು ಮೊದಲೇ ಹೇಳಿ. ಬೀದರ್‌ನ ನರಸಿಂಹ ಝರಣಿಯಂಥ ಕಡೆ ಗುಹೆಯ ಒಳಗೆ ಎದೆಮಟ್ಟದ ನೀರಿನಲ್ಲಿ ಜನರ ನಡುವೆ ಸಾಗಬೇಕು. ಇಕ್ಕಟ್ಟಿನ ಜಾಗ ಆಗದವರು ಹೊರಗಿನಿಂದಲೇ ಕೈಮುಗಿದರೆ ಭಕ್ತಿಗೇನೂ ಕೊರತೆಯಾಗದು.

ನಡಿಗೆ

ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಡೆಯುವುದು ಫೌಜಿಗೆ ಗೊತ್ತು. ಮಾರ್ಚ್ ಮಾಡಬೇಡಿ, ಅಷ್ಟೇ. ಮಾತಾಡುತ್ತ ನಡೆಯಲು ಆಗುವ ವೇಗದಲ್ಲಿ ಇಪ್ಪತ್ತು ನಿಮಿಷ. ಕಲಬುರಗಿಯಲ್ಲಿ ಅಪ್ಪನ ಕೆರೆಯ ದಂಡೆ, ಬೀದರ್‌ನಲ್ಲಿ ಕೋಟೆಯ ಒಳಗಿನ ಬಯಲು ಚೆನ್ನ: ದೂರದ ತನಕ ಕಣ್ಣು ಹಾಯುತ್ತದೆ, ಹಿಂದಿನಿಂದ ಯಾರೂ ತಟ್ಟನೆ ಬರುವುದಿಲ್ಲ. ಮೊಣಕಾಲು ಸವೆದವರು ಯಾದಗಿರಿ ಕೋಟೆಯ ಬೆಟ್ಟ ಹತ್ತುವ ಹಟ ಬಿಡಿ, ಮಂಡಿಗೆ ಹೆಚ್ಚು ಪೆಟ್ಟು ಬೀಳುವುದು ಇಳಿಯುವಾಗ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಲೇಬೇಡಿ, ಕಾದ ಕಲ್ಲು ಅಂಗಾಲು ಸುಟ್ಟದ್ದು ಅವರಿಗೆ ಗೊತ್ತೇ ಆಗದಿರಬಹುದು.

ರಾತ್ರಿ

ಮಲಗುವ ಹೊತ್ತು ಹೆಚ್ಚುಕಡಿಮೆ ಆಗಲಿ, ಏಳುವ ಹೊತ್ತು ಒಂದೇ ಇರಲಿ. ಚಹಾ ಸಂಜೆ ನಾಲ್ಕಕ್ಕೆ ಕೊನೆ. ಎರಡು ಗಂಟೆಗೆ ಎಚ್ಚರವಾಗಿ ಬಾಗಿಲು, ಗೇಟು ನೋಡಿಬರುವ ಅಭ್ಯಾಸ ಇದ್ದರೆ ಅದನ್ನು ಒಂದೇ ಸುತ್ತಿಗೆ ಮಿತಿಗೊಳಿಸಿ: ಮಲಗುವ ಮುನ್ನ ಚಿಲಕವನ್ನು ಕೈಯಿಂದ ಮುಟ್ಟಿ, ‘ಹಾಕಿದೆ’ ಎಂದು ಬಾಯಿಬಿಟ್ಟು ಹೇಳಿ. ರಾತ್ರಿ ಮತ್ತೆ ಅನುಮಾನ ಬಂದರೆ ಆ ಮಾತು ನೆನಪಿಗೆ ಬರುತ್ತದೆ. ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ರೆ ಬಾರದಿದ್ದರೆ ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಕೂತು ಮುಷ್ಟಿ ಬಿಗಿದು ಬಿಡುವ ಅಭ್ಯಾಸ ಮಾಡಿ. ಯುದ್ಧದ ಸುದ್ದಿ, ಮೊಬೈಲ್ ಬೇಡ.

ಕ್ಯಾಂಟೀನಿನ ರಮ್ ನಿದ್ರೆ ಬರಿಸುತ್ತದೆ ಎಂಬುದು ಅರ್ಧ ನಿಜ. ಮೊದಲ ಮೂರ್ನಾಲ್ಕು ತಾಸು ಬರಿಸುತ್ತದೆ, ಉಳಿದ ರಾತ್ರಿಯನ್ನು ಕೆಡಿಸಿ ದುಃಸ್ವಪ್ನ ಹೆಚ್ಚಿಸುತ್ತದೆ. ನಿದ್ರೆ ಮಾತ್ರೆಯ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಆದರೆ ವರ್ಷಗಟ್ಟಲೆ ದಿನಾ ಕುಡಿದವರು ಒಂದೇ ದಿನಕ್ಕೆ ಬಿಡಬೇಡಿ. ಹಠಾತ್ತನೆ ಬಿಟ್ಟರೆ ಕೈನಡುಕ, ಫಿಟ್ಸ್, ಭ್ರಮೆ ಬರುತ್ತವೆ, ಜೀವಕ್ಕೂ ಅಪಾಯ. ವೈದ್ಯರ ನಿಗಾದಲ್ಲಿ ಇಳಿಸಿಕೊಂಡು ಬರಬೇಕು.

ನಿವೃತ್ತಿಯ ನಂತರ ಬ್ಯಾಂಕು, ಎಟಿಎಂ, ಕಾರ್ಖಾನೆಗಳಲ್ಲಿ ರಾತ್ರಿ ಕಾವಲಿಗೆ ಸೇರಿದವರು ಬಹಳ. ಅವರು ಬೆಳಗ್ಗೆ ಮನೆಗೆ ಬಂದ ಮೇಲೆ ಕಿಟಕಿಗೆ ದಪ್ಪ ಚಾದರ ಕಟ್ಟಿ, ದಿನವೂ ಒಂದೇ ಹೊತ್ತಿಗೆ, ಉದಾಹರಣೆಗೆ ಎಂಟೂವರೆಯಿಂದ ಎರಡರ ತನಕ, ಮಲಗಲಿ. ಉಸಿರಿನ ಅಭ್ಯಾಸ ಎದ್ದ ಮೇಲೆ. ರಜೆಯ ದಿನ ರಾತ್ರಿ ನಿದ್ರೆಗೆ ಪೂರ್ತಿ ತಿರುಗಿಬಿಟ್ಟರೆ ಮುಂದಿನ ವಾರ ಇಡೀ ಮೈ ಗೊಂದಲ.

ಒಂದೇ ಕನಸು ಮತ್ತೆ ಮತ್ತೆ ಬರುತ್ತಿದ್ದರೆ ಅದನ್ನು ಹಗಲಿನಲ್ಲಿ ಕಾಗದದ ಮೇಲೆ ಬರೆದು, ಅದರ ಕೊನೆಯನ್ನು ನಿಮಗೆ ಬೇಕಾದಂತೆ ಬದಲಿಸಿ, ಬದಲಿಸಿದ್ದನ್ನು ಮಾತ್ರ ದಿನಕ್ಕೆ ಹತ್ತು ನಿಮಿಷ ಮನಸ್ಸಿನಲ್ಲಿ ನಡೆಸಿ ನೋಡುವ ವಿಧಾನವಿದೆ. ಕಡಿಮೆ ಕಾಡುವ ಕನಸಿನಿಂದ ಶುರು ಮಾಡಬೇಕು. ಅತಿ ಭೀಕರವಾದದ್ದನ್ನು ಮನಃಶಾಸ್ತ್ರಜ್ಞರ ಜೊತೆಗೇ ಮಾಡಿ.

ಮನೆಯವರು ತಿಳಿದಿರಬೇಕಾದ್ದು

ಕನಸಿನಲ್ಲಿ ಕಿರುಚುವವರನ್ನು ಮುಟ್ಟಿ ಎಬ್ಬಿಸಬೇಡಿ. ಅರೆನಿದ್ರೆಯಲ್ಲಿ ಕೈ ತಾನಾಗಿ ಏಳುತ್ತದೆ, ಪೆಟ್ಟು ತಿಂದವರಿಗಿಂತ ಕೊಟ್ಟವರಿಗೆ ನೋವು ಹೆಚ್ಚು. ದೀಪ ಹಾಕಿ, ಕಾಲ ಕಡೆಗೆ ದೂರದಲ್ಲಿ ನಿಂತು, ಮೆಲುದನಿಯಲ್ಲಿ ಕರೆಯಿರಿ: ‘ಏಳ್ರಿ, ಮನ್ಯಾಗ ಇದ್ದೀರಿ. ನಾ ಇಲ್ಲೇ ಇದ್ದೀನಿ. ಏನೂ ಆಗಿಲ್ಲ.’ ಮಕ್ಕಳೂ ಹಾಗೇ, ‘ಅಪ್ಪಾ, ನಾನು’ ಎಂದು ಹೇಳಿಯೇ ಕೋಣೆಗೆ ಬರಲಿ. ಎಚ್ಚರವಾದ ಮೇಲೆ ನೀರು ಕೊಡಿ. ‘ಏನು ಕನಸು ಬಿತ್ತು?’ ಎಂದು ಆಗಲೇ ಕೇಳಬೇಡಿ. ಮುಂಜಾನೆ ಅವರೇ ಹೇಳಿದರೆ ಕೇಳಿಸಿಕೊಳ್ಳಿ.

ಇಷ್ಟು ಸಾಲದು ಎನಿಸಿದಾಗ

ತಿಂಗಳು ಕಳೆದರೂ ನಿದ್ರೆ ಸುಧಾರಿಸದಿದ್ದರೆ, ಅಭ್ಯಾಸ ಮಾಡಿದಾಗಲೆಲ್ಲ ಹಳೆಯ ದೃಶ್ಯಗಳು ಹೆಚ್ಚುತ್ತಿದ್ದರೆ, ಮನೆಯವರ ಮೇಲೆ ಕೈ ಎತ್ತುವಂತಾದರೆ ಮನೋವೈದ್ಯರನ್ನು ಕಾಣಲೇಬೇಕು. ಆಘಾತದ ನಂತರ ಉಳಿಯುವ ಇಂಥ ಮನೋತೊಂದರೆಗೆ (ಪಿಟಿಎಸ್‌ಡಿ) ನಿರ್ದಿಷ್ಟ ಚಿಕಿತ್ಸೆ ಇದೆ, ಗುಣವಾಗುವವರಿದ್ದಾರೆ. ಮಾಜಿ ಸೈನಿಕರ ಚಿಕಿತ್ಸೆಗೆಂದು 2003ರಲ್ಲಿ ಶುರುವಾದ ಇಸಿಎಚ್‌ಎಸ್ ಯೋಜನೆಯ ಕಾರ್ಡ್ ಇದ್ದರೆ ಪಾಲಿಕ್ಲಿನಿಕ್‌ನಲ್ಲಿ ಕೇಳಿ ರೆಫರಲ್ ಬರೆಸಿಕೊಳ್ಳಿ. ಇಲ್ಲದವರು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಾದ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್‌ಗೆ ಹೋಗಬಹುದು. ಟೆಲಿ–ಮಾನಸ್ ಮಾನಸಿಕ ಆರೋಗ್ಯದ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಬದುಕು ಬೇಡ ಎಂಬ ಯೋಚನೆ ಬರುತ್ತಿದ್ದರೆ ಅದೇ ದಿನ ಒಬ್ಬರಿಗೆ ಹೇಳಿ, 14416ಕ್ಕೆ ಕರೆ ಮಾಡಿ. ಕಾವಲು ಕೆಲಸಕ್ಕೆಂದು ಲೈಸೆನ್ಸ್ ಬಂದೂಕು ಮನೆಯಲ್ಲಿಟ್ಟುಕೊಂಡವರು ಹಲವರಿದ್ದಾರೆ. ಅಂಥ ದಿನಗಳಲ್ಲಿ ಅದು ಮನೆಯಲ್ಲಿ ಇರಬಾರದು. ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಮದ್ದುಗುಂಡಿನ ಅಂಗಡಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಿರಿ. ಇದನ್ನು ಹೆಂಡತಿಯೋ ಮಗನೋ ಕೇಳಿದರೆ ಅವಮಾನ ಎಂದುಕೊಳ್ಳಬೇಡಿ.

ವೈದ್ಯರ ಹತ್ತಿರ ಹೋಗುವಾಗ ಎರಡು ವಾರದ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಇರಲಿ: ಮಲಗಿದ್ದು, ಎದ್ದದ್ದು, ಕನಸು ಬಿದ್ದ ರಾತ್ರಿ, ಕುಡಿದ ಅಳತೆ, ಯಾವ ಅಭ್ಯಾಸ ಎಷ್ಟು ನಿಮಿಷ, ಯಾವುದು ಆಗಿಬರಲಿಲ್ಲ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಹಾಳೆಯ ಹಿಂದೆ ಬರೆಯಿರಿ, ನಾಟಿ ಔಷಧಿಯನ್ನೂ ಸೇರಿಸಿ. ಸರದಿಯಲ್ಲಿ ಕಾದು ಒಳಗೆ ಹೋದ ಮೇಲೆ ಸಿಗುವುದು ಕೆಲವೇ ನಿಮಿಷ. ‘ನಿದ್ದಿ ಬರಲ್ರಿ’ ಎಂದಷ್ಟೇ ಹೇಳಿ ಎದ್ದು ಬರುವ ಬದಲು ಆ ಹಾಳೆಯನ್ನು ಮುಂದಿಡಿ.